ಗಾಲಿ ನೋಡಿ ಹಾದಿ ಹೇಳಿದ್ದು

…ಕೆಂಪ್ ಗೆರಿ ಅಂದ್ರ ಬಂದ್, ಹಸರ ಗೆರಿ ಅಂದ್ರ ಚಾಲೂ, ಅಷ್ಟೇ ಅಲ್ಲೇನಲೇ ನಿನ್ನ ಫೋನು ಹೇಳೂದು? ಇರ್ಲಿ, ನೋಡಿದ್ದು ಛಲೋ ಆತು. ಘಟ್ಟದಾಗ ಮೀನ ಹಿಡ್ಯಾಕ ಹೊಂಟೀರಿ, ಹಾದಿ ನೋಡಿಕೊಂಡೇ ಹೋಗಬೇಕು. ಆದ್ರ ನಾನೂ ನಿಮ್ಮಂಗ ಹಾದಿ ನೋಡೇ ಹೋದಾಂವ, ಅದೂ ಮೀನಕ್ಕ ಹೋದಾಂವ, ಕೇಳ್ರಿಲ್ಲೆ. ಎಪ್ಪತ್ತಾರೋ ಏಳೋ ಇರಬೇಕು, ಉಗಾದಿ ಆಗಿ ಎಂಟ್ ದಿನ ಆಗಿತ್ತು, ಇಲ್ಲಿಲ್ಲ, ಉಗಾದಿ ಇನ್ನೂ ಮುಂದಿತ್ತು, ಬೇವಿನ ಗಿಡ ಹೂ ಬಿಟ್ಟಿದ್ವು, ಅದು ನೆನಪೈತಿ. ಆಗ ನಾ ಅಥಣಿ ರಸ್ತೆಯಾಗ ಒಂದ್ ಪಂಚರ್ ಅಂಗಡ್ಯಾಗ ಕೆಲಸಕ್ಕಿದ್ನಿ, ಮೊದಲನೇ ನೌಕರಿ. ಈಗಿನಂಗ ಮನಿಗೋಳು ಎಲ್ಲಿದ್ವು ಅಲ್ಲಿ? ಬರೇ ಬಯಲು, ಒಂದ್ ತಗಡಿನ ಶೆಡ್ಡು, ಒಂದ್ ನೀರಿನ ಬೋಗಾಣಿ, ನಾನು, ನಮ್ಮ ಮಾಲಕ ಬಂದಗಿಸಾಬ. ಬಿಸಲಾಗ ಲಾರಿ ಟೈರ್ ಬಿಚ್ಚಿ ಬಿಚ್ಚಿ ಅಂಗೈ ತುಂಬ ಬೊಬ್ಬಿ ಏಳ್ತಿದ್ವು, ಸಂಜಿಮುಂದ ರೊಟ್ಟಿ ಮುರ್ಯಾಕ ಬೆರಳ ಬಗ್ತಿದ್ದಿಲ್ಲ. ಆದ್ರೂ ಖುಷಿ ಇತ್ತು ಬಿಡ್ರಿ, ಕೆಲಸ ಐತಿ ಅನ್ನೂದೇ ದೊಡ್ಡ ಖುಷಿ.

ಆ ಅಂಗಡ್ಯಾಗ ಕುಂತು ಕುಂತು ನನಗೊಂದು ವಿದ್ಯಾ ಬಂದಿತ್ತು. ಗಾಲಿ ನೋಡಿದ್ರ ಸಾಕು, ಗಾಡಿ ಯಾವ ಹಾದಿಲಿಂದ ಬಂದೈತಿ ಅಂತ ಹೇಳ್ತಿದ್ನಿ. ಕರಿ ಎರಿ ಮಣ್ಣ ಹತ್ತಿದ್ರ ಡೋಣಿ ಹೊಳಿ ದಂಡಿದು. ಬಿಳಿ ಗರಸು ಸಿಕ್ಕಿದ್ರ ತಿಕೋಟಾ ಕಡಿಂದು. ಕೆಂಪ್ ಮಣ್ಣ ಇದ್ರ ಬಬಲೇಶ್ವರದ ಮುಂದಿನ ಮಡ್ಡಿದು. ಮಡ್ಡಿ ಗೊತ್ತಲಾ, ನಮ್ಮ ಸೀಮಿ ಗುಡ್ಡ, ಅದನ್ನ ಹತ್ತಿ ಇಳದ್ರ ಕೃಷ್ಣಾ ಹೊಳಿ. ಡ್ರೈವರಗೋಳು ಬೇಕಂತ ಕೇಳ್ತಿದ್ರು, ‘ಹೇಳಲೇ, ಎಲ್ಲಿಂದ ಬಂದೀನಿ?’ ನಾ ಬಗ್ಗಿ ಉಗುರಲೆ ಮಣ್ಣ ಕೆರದು ಹೇಳ್ತಿದ್ನಿ. ಒಂದೂ ತಪ್ಪತಿದ್ದಿಲ್ಲ. ಸೊಕ್ಕು ಬರಾಕ ಮತ್ತೇನ್ ಬೇಕು?

ಈಗ ಮುಖ್ಯ ಮಾತು. ಆ ಕೃಷ್ಣಾ ಹೊಳಿ ದಂಡಿ ಊರಾಗ ನಿಮ್ಮ ಅಜ್ಜಿ ತವರಮನಿ. ಬಾಣಂತನಕ್ಕ ಹೋಗಿದ್ಲು. ನಿಮ್ಮವ್ವ ಹುಟ್ಟಿ ಐವತ್ತ ದಿನ ಆಗಿದ್ವು, ನಾ ಇನ್ನೂ ಕೂಸಿನ ಮಾರಿ ನೋಡಿದ್ದಿಲ್ಲ! ಎರಡ್ ಸಲ ಬರ್ತೀನಿ ಅಂತ ಹೇಳಿ ಕಳಸಿ ಎರಡೂ ಸಲ ತಪ್ಪಿಸಿದ್ನಿ, ಮಾಲಕ ಸೂಟಿ ಕೊಟ್ಟಿದ್ದಿಲ್ಲ. ಕಡೀಕ ನಮ್ಮ ಮಾವ ಸಂತಿಗೆ ಬಂದವರ ಕೈಲೆ ಹೇಳಿ ಕಳಸಿದ, ‘ಹೊಳಿ ಇಳದೈತಿ, ಮಡವಿನ್ಯಾಗ ಮೀನ ನಿಂತಾವು, ಶುಕ್ರವಾರ ಅಳಿಯಾ ಬರಲಿ, ಕೂಡಿ ಗಾಳ ಹಾಕೂಣು.’ ಅದರ ಬೆನ್ನಿಗೇ ನಿಮ್ಮ ಅಜ್ಜಿದೂ ಒಂದು ಮಾತು, ‘ಈ ಸಲ ಬರದಿದ್ರ ಕೂಸಿಗೆ ಅಪ್ಪ ಅನ್ನಾಕ ಕಲಸೂದಿಲ್ಲ.’ ಏನ್ ನಗ್ತೀರಿ? ಕೇಳಿ ನಾ ಅತ್ತಿದ್ನಿ, ಖರೇನ ಅತ್ತಿದ್ನಿ.

ಗುರುವಾರ ಮಧ್ಯಾಹ್ನ ತೆಂಕಣ ದಿಕ್ಕಿನ್ಯಾಗ ಕರ್ರಗ ಮೋಡ ಕಟ್ತು. ನಮ್ಮಲ್ಲಿ ಒಂದ್ ಹನಿ ಬೀಳಲಿಲ್ಲ, ಆದ್ರ ಮಡ್ಡಿ ಕಡೆ ಸುರದೈತೇನೋ ಅಂತ ಅಂಜಿಕಿ ಆತು. ಮಳಿ ಬಂದ್ರ ಮಡ್ಡಿ ಇಳಕಲಾಗ ಕಲ್ಲ ಉರಳಿ ಹಾದಿ ಬಂದ್ ಆಗ್ತಿತ್ತು. ಸಂಜಿಮುಂದ ಬಸ್ ಸ್ಟ್ಯಾಂಡಿಗೆ ಓಡಿದ್ನಿ. ಹೊಳಿ ಕಡಿ ಬಸ್ಸು ಬಂದು ನಿಂತಿತ್ತು. ಬಗ್ಗಿ ನಾಕೂ ಗಾಲಿ ನೋಡಿದ್ನಿ, ನಾಕಲ್ಲ, ಆರು, ಹಿಂದ ಜೋಡಿ ಇರ್ತಾವು. ಒಣ ಧೂಳಿ. ಹಸಿ ಮಣ್ಣ ಹುಡುಕಿದ್ರೂ ಇಲ್ಲ. ಡ್ರೈವರ್ ಅಲ್ಲೇ ಚಾ ಕುಡ್ಯಾಕತ್ತಿದ್ದ, ಗುರುತಿನಾಂವ. ಕೇಳಲಿಲ್ಲ ನಾ. ಬಂದು ಮಾಲಕಗ ಹೇಳಿದ್ನಿ, ‘ಮಡ್ಡಿ ಒಣಗೇ ಐತ್ರಿ, ಮುಂಜಾನೆ ಸೈಕಲ್ ಮ್ಯಾಲೆ ಹೊಂಟೆ.’ ‘ಡ್ರೈವರನ್ನ ಕೇಳಿದ್ಯೇನಲೇ?’ ಅಂದ. ‘ಕೇಳೂದೇನ್ರಿ, ಗಾಲಿನ ಹೇಳತೈತಿ.’ ‘ಶಾಣ್ಯಾ ಅದಿ, ಹೋಗು’ ಅಂದ.

ಹೊತ್ತ ಹುಟ್ಟೂ ಮೊದಲ ಹೊಂಟ್ನಿ. ಲಗ್ನದ ಅಂಗಿ ಹಾಕಿಕೊಂಡು, ಹಿಂದ ಗಾಳದ ಕೋಲು ಕಟ್ಟಿಕೊಂಡು, ಹ್ಯಾಂಡಲಿಗೆ ಕೂಸಿನ ತಲಿಗೆ ಹಾಕೂ ಕುಂಚಗಿ ಗಂಟು. ಬಬಲೇಶ್ವರದಾಗ ಚಾ ಕುಡದ್ನಿ, ಹೋಟೆಲ್ದಾಕಿ ‘ಎಲ್ಲಿಗ್ರಿ ಇಷ್ಟ ಲಗೂನ?’ ಅಂದ್ಲು. ‘ಮೀನಕ್ಕಬೇ’ ಅಂದು ತುಳದೇ ಬಿಟ್ನಿ. ಅಲ್ಲೂ ಕೇಳಲಿಲ್ಲ, ನೋಡ್ರಿ! ಮಡ್ಡಿ ಹತ್ತಾಕತ್ತ ಕೂಡಲೇ ಸೈಕಲ್ ಕೆಂಪ್ ರಾಡ್ಯಾಗ ಸಿಕ್ಕೊಂತು. ಮ್ಯಾಲೆ ಹೋದ್ರ ಹಾದಿಗೆ ಅಡ್ಡ ಒಂದ್ ದೊಡ್ಡ ಜಾಲಿ ಕಂಟಿ. ಆಗ ಬೋರ್ಡ್ ಗೀರ್ಡ್ ಎಲ್ಲಿತ್ತು, ರಸ್ತೆ ಗ್ಯಾಂಗಿನವರು ಕಂಟಿ ಕಡದು ಅಡ್ಡ ಒಗದ್ರು ಅಂದ್ರ ಹಾದಿ ಬಂದ್ ಅಂತ ಅರ್ಥ. ಆಚೆ ಸಿದ್ದಪ್ಪ ಅಂತ ರಸ್ತೆ ಕೆಲಸದ ಮುದುಕ, ಕಬ್ಬಿಣದ ಹಾರಿ ಹಿಡಕೊಂಡು ಕಲ್ಲ ಸರಸಾಕತ್ತಿದ್ದ. ‘ಕಾಕಾ, ನಿನ್ನೆ ಬಸ್ಸಿನ ಗಾಲಿಗೆ ಒಂದ್ ಚೂರೂ ಮಣ್ಣ ಹತ್ತಿದ್ದಿಲ್ಲಲ್ಲೋ!’ ಅಂದ್ನಿ. ಮುದುಕ ಹಾರಿ ಕೆಳಗಿಟ್ಟು ನನ್ನ ಮಾರಿ ನೋಡಿದ. ‘ಮಡ್ಡಿ ಹತ್ತಿದ್ರಲ್ಲೇನೋ ತಮ್ಮಾ ಮಣ್ಣ ಹತ್ತೂದು? ಬಸ್ಸು ಇಲ್ಲಿತನಕ ಬರಲೇ ಇಲ್ಲ, ಬಬಲೇಶ್ವರದಿಂದನ ಹೊಳ್ಳಿ ಹೋತು.’ ಅಯ್ಯಯ್ಯ! ಭೂಮಿ ಬಾಯಿ ಬಿಡಬಾರದೇನು ಅನಿಸ್ತು ನನಗ.

ಇಳಕಲ ತುಂಬ ಕಲ್ಲು. ಇನ್ನೂ ಮ್ಯಾಲಿಂದ ಒಂದೊಂದು ಉರಳಿ ಬರತಿದ್ವು. ‘ಹೋಗಾಕ ಬಿಡ್ರಿ ಕಾಕಾ, ಕೂಸಿನ ಮಾರಿ ನೋಡಿಲ್ಲ’ ಅಂದ್ನಿ. ‘ಕಲ್ಲು ತಲಿ ಮ್ಯಾಲೆ ಬಿದ್ರ ಕೂಸು ನಿನ್ನ ಮಾರಿ ನೋಡೂದಿಲ್ಲ. ಅಂಗಿ ಬಿಚ್ಚು, ಕೈ ಹಚ್ಚು’ ಅಂದ. ಹಚ್ಚಿದ್ನಿ. ಅಂವ ಮೀಟತಾನ, ನಾ ದಬ್ಬತೀನಿ, ಅಂವ ಮೀಟತಾನ, ನಾ ದಬ್ಬತೀನಿ. ಹೊತ್ತ ನೆತ್ತಿ ಮ್ಯಾಲೆ ಬಂತು, ತಿರುವ ದಾಟಿದ್ವಿ, ಹೊಳಿ ಕಡಿಂದ ಬರೂವರಿಗೆ ಅಂತ ಕೆಳಗ ಒಗದಿದ್ದ ಇನ್ನೊಂದು ಕಂಟಿ ಕಾಣಿಸ್ತು. ಕಂಟಿ ಆಚೆ ಒಂದ್ ಎತ್ತಿನ ಬಂಡಿ ನಿಂತಿತ್ತು, ಬಂಡ್ಯಾಗ ಕೂಸು ಅಳೂ ಸಪ್ಪಳ. ನಮ್ಮ ಮಾವ ನೊಗದ ಮ್ಯಾಲೆ ಕುಂತು ಬೀಡಿ ಸೇದತಿದ್ದ. ನಿಮ್ಮ ಅಜ್ಜಿ ಸೆರಗ ಸರಿಸಿ ಕೂಸನ್ನ ಎತ್ತಿ ಹಿಡದ್ಲು. ನಿಮ್ಮವ್ವನ ಮಾರಿ ನಾ ಮೊದಲ ನೋಡಿದ್ದು ಆ ಜಾಲಿ ಕಂಟಿ ಆಚೆ, ಗೊತ್ತೇನ್? ನನ್ನ ಕೈ ತುಂಬ ರಾಡಿ. ಮುಟ್ಟಾಕ ಬರವಲ್ದು, ಬಿಡಾಕ ಮನಸಾಗವಲ್ದು. ಸಿದ್ದಪ್ಪ ಕಾಕಾ ತನ್ನ ಕೊಡದಾಗಿನ ಕುಡಿಯೂ ನೀರಷ್ಟೂ ನನ್ನ ಕೈ ಮ್ಯಾಲೆ ಸುರವಿದ.

ಗಾಳ ಹಾಕಲಿಲ್ಲ ಅವತ್ತು. ಮಾವ ಮುಂಜಾನೆನ ಹಿಡದು ಒದ್ದಿ ಅರಬ್ಯಾಗ ಸುತ್ತಿ ಮೀನ ತಂದಿದ್ದ. ಅಲ್ಲೇ ಮೂರ್ ಕಲ್ಲ ಹೂಡಿ, ಖಾರ ಸವರಿ ಸುಟ್ವಿ, ಒಣಗಿದ ಕಟಿ ರೊಟ್ಟಿ ಕೂಡ ತಿಂದ್ವಿ. ಸಿದ್ದಪ್ಪ ಕಾಕಾ ಮೀನ ತಿನ್ನಾಂವಲ್ಲ, ಅಂವಗ ಉಳ್ಳಾಗಡ್ಡಿ ರೊಟ್ಟಿ. ಅಂಥಾ ಊಟ ಮತ್ತ ನಾ ಉಂಡಿಲ್ಲ. ತಿನ್ನೂಮುಂದ ನಿಮ್ಮ ಅಜ್ಜಿನ್ನ ಕೇಳಿದ್ನಿ, ‘ಹಾದಿ ಬಂದ್ ಐತಿ ಅಂತ ಗೊತ್ತಿದ್ದೂ ಹಸಿ ಬಾಣಂತಿ ಯಾಕ ಬಂದಿ?’

ನೋಡ್ರಿ, ಒಳಗ ನಗಾಕತ್ಯಾಳ. ಈಗೂ ಅದನ್ನ ಹೇಳಿ ಹೇಳಿ ನಗ್ತಾಳ. ಏನಂದ್ಲು ಗೊತ್ತೇನ್? ‘ಬ್ಯಾರೆ ಯಾರರ ಆಗಿದ್ರ ಡ್ರೈವರನ್ನ ಕೇಳಿ ಮನ್ಯಾಗ ಕುಂದರತಿದ್ರು. ನೀವು ಯಾರನ್ನೂ ಕೇಳಂಗಿಲ್ಲ, ಬಂದೇ ಬರ್ತೀರಿ ಅಂತ ನನಗ ಗೊತ್ತಿತ್ತು.’

ಹಂಗ ಅಂತ ನೀವು ಕೇಳದಽ ಹೋಗಬ್ಯಾಡ್ರಿ ಮತ್ತ. ನನಗರ ಕಂಟಿ ಆಚೆ ನಿಮ್ಮ ಅಜ್ಜಿ ಇದ್ಲು, ನಿಮಗ ಯಾರದಾರ? ಹಚ್ಚಲೇ ಫೋನು, ಆ ಘಟ್ಟದಾಗ ಇರಾವರನ್ನ ಯಾರನ್ನರ ಕೇಳು.