ಭೂಪತಿಯು ತೋಳವಲ್ಲ ಎಂಬ ಬಗ್ಗೆ

ನಮ್ಮ ಮನೆಯಲ್ಲಿರುವುದು ನಾಯಿ ಎಂದು ಸರ್ಕಾರಕ್ಕೂ ಸಮಸ್ತ ನಾಗರಿಕರಿಗೂ ಮೊದಲ ಸಾಲಿನಲ್ಲೇ ಘೋಷಿಸುತ್ತೇನೆ. ತೋಳವಲ್ಲ.

ಹೆಸರು ಶಶಿರೇಖಾ ಕೋಂ ವಾಸು, ವಯಸ್ಸು 49 ವರ್ಷ, ಕೆಲಸ ದೋಸೆ ಹಿಟ್ಟು ರುಬ್ಬಿ ಮಾರುವುದು, ವಾಸ 9ನೇ ಅಡ್ಡರಸ್ತೆ, ವಿದ್ಯಾರಣ್ಯಪುರ, ಬೆಂಗಳೂರು. ಎದುರು ಮನೆಯ ಸೊಣ್ಣಮ್ಮನವರು, 74 ವರ್ಷ, ನನ್ನ ಮೇಲೆ ಕೊಟ್ಟ ದೂರಿನ ಸಂಬಂಧ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 02-11-2025ರ ಭಾನುವಾರ ಬೆಳಿಗ್ಗೆ 11.20ಕ್ಕೆ ನಾನು ಮತ್ತು ನನ್ನ ಗಂಡ ಮಾಕಳಿಯ ಹತ್ತಿರದ ಒಂದು ಪ್ರಾಣಿ ರಕ್ಷಣಾ ಕೇಂದ್ರದಿಂದ ಹಸ್ಕಿ ಜಾತಿಯ ಗಂಡುನಾಯಿಯನ್ನು ಮನೆಗೆ ತಂದೆವು. ತೂಕ 16 ಕೆ.ಜಿ.; ಇರಬೇಕಾದ್ದು 24. ಹಿಂದೆ ಯಾರೋ ತಗಡಿನ ಶೆಡ್ಡಿನಲ್ಲಿ ಎರಡು ಬೇಸಿಗೆ ಸರಪಳಿ ಹಾಕಿ ಬಿಟ್ಟಿದ್ದರಂತೆ. ಕುತ್ತಿಗೆಯ ಸುತ್ತ ಎರಡು ಬೆರಳಗಲ ಕೂದಲು ಇರುವುದಿಲ್ಲ. ಇದು ಈಗಾಗಲೇ ಎರಡು ಮನೆಗಳಿಂದ ವಾಪಸ್ ಬಂದಿದೆ ಎಂದೂ, ಹದಿನೈದು ದಿನ ನೋಡಿ, ಎದುರು ಮನೆಯವರ ಒಪ್ಪಿಗೆ ಸಹಿ ಇದ್ದರೆ ಮಾತ್ರ ನಮ್ಮ ಹೆಸರಿಗೆ ದತ್ತು ಕೊಡುವುದೆಂದೂ ಕೇಂದ್ರದ ಜೋಯಾ ಎಂಬುವರು ತಿಳಿಸಿದರು. "ಇಲ್ಲಾಂದ್ರೆ ವಾಪಸ್ ಕರ್ಕೊಂಡ್ ಹೋಗ್ಬೇಕಾಗತ್ತೆ ಆಂಟಿ, ಬೇಜಾರ್ ಮಾಡ್ಕೋಬೇಡಿ" ಎಂದರು.

"ಹಿಮದ ನಾಯಿ ಕಣೇ ಇದು, ನಮ್ಮನೇಲಿರೋದು ಎರಡೇ ಫ್ಯಾನು" ಎಂದು ನನ್ನ ಗಂಡ ಆಕ್ಷೇಪ ಎತ್ತಿದರು. ಮನೆಗೆ ಬಂದ ಆರನೇ ನಿಮಿಷಕ್ಕೆ ನಾಯಿಯು ನೀರಿನ ಸಂಪಿನ ಪಕ್ಕದ ತಣ್ಣನೆಯ ಕಡಪ ಕಲ್ಲನ್ನು ತಾನೇ ಪತ್ತೆಹಚ್ಚಿ ಮಲಗಿ, ಆಕ್ಷೇಪವನ್ನು ವಜಾ ಮಾಡಿತು. (ಹಿಟ್ಟಿನ ಕೋಣೆಗೆ ಅದಕ್ಕೆ ಪ್ರವೇಶವಿಲ್ಲ. ಗಿರಾಕಿಗಳು ಗಮನಿಸಬೇಕು.) ಮುಖದ ಗತ್ತು ನೋಡಿ ಭೂಪತಿ ಎಂದು ಹೆಸರಿಟ್ಟೆವು. ಆದರೆ ಮೂರು ದಿನ ಅದು ಕಲ್ಲಿನಿಂದ ನಾಲ್ಕು ಅಡಿ ದಾಟಲಿಲ್ಲ. ಹಿಂದಿನ ಸರಪಳಿಯ ಉದ್ದ ಅಷ್ಟೇ ಇತ್ತೆಂದು ಆಮೇಲೆ ತಿಳಿಯಿತು. ನಾಲ್ಕನೇ ದಿನ ಐದನೇ ಅಡಿಗೆ ಕಾಲಿಟ್ಟಿತು. ನಾನು ಗ್ರೈಂಡರ್ ಆರಿಸಿ ಬಂದು ನೋಡಿದೆ.

ಇದರ ನಡುವೆ, 03-11ರ ಬೆಳಿಗ್ಗೆ 7.06ಕ್ಕೆ ಭೂಪತಿಯು ಬೊಗಳದೆ, ಕತ್ತು ಮೇಲೆತ್ತಿ 40 ಸೆಕೆಂಡು ಊಳಿಟ್ಟಿತು. ಸೊಣ್ಣಮ್ಮನವರು ಮೊದಲ ಮಹಡಿಯಿಂದ ಬಗ್ಗಿ, "ಏನ್ ಶಶಿ, ನಾಯಿ ಊಳಿಟ್ರೆ ಬೀದೀಲಿ ಯಾರೋ ಓಗ್ತಾರೆ ಅಂತ. ಈ ಬೀದೀಲಿ ವಯಸ್ಸಾದೋಳು ನಾನೊಬ್ಳೇ. ಯಾರ್ನ ಕರೀತಾ ಐತೆ ಅಂತ ನಾನೇ ಬಾಯ್ಬಿಟ್ಟು ಅನ್ಬೇಕಾ?" ಎಂದರು. ಮರುದಿನ 7.11ಕ್ಕೆ ಮತ್ತೆ ಊಳಿಟ್ಟಿತು. ನಾವು ತೋಳ ಸಾಕಿದ್ದೇವೆಂದು ಅವರು ಅಂದೇ ದೂರು ಕೊಟ್ಟರು. ಒಪ್ಪಿಗೆ ಸಹಿ ಹಾಕಬೇಕಾದವರೂ ಇವರೇ ಆಗಿರುತ್ತಾರೆ.

ನನ್ನ ಗಂಡ ಗಡಿಯಾರ ಹಿಡಿದು ನಾಲ್ಕು ದಿನ ತನಿಖೆ ನಡೆಸಿದರು. ಪ್ರತಿ ಸಲವೂ ಊಳಿಟ್ಟ ನಾಲ್ಕನೇ ನಿಮಿಷಕ್ಕೆ ಕಸದ ಆಟೋ ಬಂತು. ಆಟೋದ ಮೈಕಿನ ಹಾಡು 600 ಮೀಟರ್ ದೂರದಲ್ಲಿರುವಾಗಲೇ ಭೂಪತಿಗೆ ಕೇಳಿಸುತ್ತದೆ; ಅದು ದನಿಗೂಡಿಸುತ್ತದೆ, ಅಷ್ಟೆ. ಈ ಆಟೋ ಬರುವ ಹೊತ್ತಿಗೆ ನೇಮವಿಲ್ಲ, ನಿಲ್ಲುವುದು ಅರ್ಧ ನಿಮಿಷ. ಬಕೆಟ್ ಹಿಡಿದು ಅದರ ಹಿಂದೆ ಓಡದ ಮನೆ ನಮ್ಮ ಬೀದಿಯಲ್ಲಿಲ್ಲ. ಮಂಡಿನೋವಿನ ಸೊಣ್ಣಮ್ಮನವರಿಗೆ 18 ಮೆಟ್ಟಿಲು ಇಳಿಯಲು ನಾಲ್ಕು ನಿಮಿಷ ಬೇಕು. ನನ್ನ ಗಂಡ ಈ ಸಂಗತಿಯನ್ನು ಮನೆಮನೆಗೆ ಹೋಗಿ ತಿಳಿಸಿದರು.

10-11ರ ಸೋಮವಾರ 6.52ಕ್ಕೆ ಭೂಪತಿ ಕೂಗಿತು. 6.56ಕ್ಕೆ ಬೀದಿಯ ಒಂಬತ್ತು ಮನೆಯವರೂ ಬಕೆಟ್ ಸಮೇತ ಗೇಟಿನಲ್ಲಿದ್ದರು. ಸೊಣ್ಣಮ್ಮನವರು ಹಸಿ ಕಸವನ್ನು ಸ್ವಂತ ಕೈಯಿಂದ ಆಟೋಗೆ ಕೊಟ್ಟು, ಭೂಪತಿಯನ್ನು ಸ್ವಲ್ಪ ಹೊತ್ತು ನೋಡಿ, "ಇದು ನನ್ನ ಕರೀತಿರ್ಲಿಲ್ಲ ಕಣೇ, ಕಸದ ಆಟೋನ ಕರೀತಿತ್ತು" ಎಂದರು. ಅಂದು ಅವರು ಎರಡು ಇಡ್ಲಿ ಹೆಚ್ಚಿಗೆ ತಿಂದರೆಂದು ಅವರ ಸೊಸೆ ಶಿಲ್ಪ ತಿಳಿಸಿರುತ್ತಾರೆ.

ಈ ದಿನ, 14-11ರ ಬೆಳಿಗ್ಗೆ 9.40ಕ್ಕೆ ಕಾನ್‌ಸ್ಟೆಬಲ್ ಶರಣು ಅವರು (ನಡುವೆ ಬಂದೋಬಸ್ತ್ ಕೆಲಸವಿತ್ತಂತೆ) ಬಂದು, ತೋಳ ಎಲ್ಲಿ ಎಂದು ವಿಚಾರಿಸಿದರು. ತೋಳವು ಅವರ ಶೂ ಮೇಲೆ ತಲೆಯಿಟ್ಟು ಮಲಗಿತು. ದೂರು ಇರುವುದರಿಂದ ಎಲ್ಲರೂ ಠಾಣೆಗೆ ಬರಬೇಕೆಂದರು. ಸೊಣ್ಣಮ್ಮನವರನ್ನು ಬಾಡಿಗೆ ಆಟೋ ಹತ್ತಿಸಿ ನಾವು 1.2 ಕಿ.ಮೀ. ನಡೆದೆವು. ಭೂಪತಿ ಎಲ್ಲರಿಗಿಂತ ಮುಂದೆ, ಬಾಲ ಎತ್ತಿ. ನನ್ನ ಬೆನ್ನು ಅಷ್ಟು ನೆಟ್ಟಗೆ ಮದುವೆ ಮಂಟಪದಲ್ಲೂ ಇರಲಿಲ್ಲ. ಯಾವ ತಳಿ ಎಂದು ದಾರಿಯಲ್ಲಿ ನಾಲ್ವರು ಕೇಳಿದರು. ನಾಲ್ವರಿಗೂ ನಿಂತು ಉತ್ತರಿಸಿದೆ.

ಠಾಣೆಯಲ್ಲಿ ಸೊಣ್ಣಮ್ಮನವರು, "ತೋಳ ಅಂದಿದ್ದು ನಾನೇ. ಆವತ್ತು ಕನ್ನಡಕ ಇರ್ಲಿಲ್ಲ. ಈಗ ನೀವ್ ಇದನ್ನ ತಗಂಡೋದ್ರೆ, ನಾಳೆ ಕಸದ ಆಟೋ ಬಂತು ಅಂತ ನೀವ್ ಬಂದು ಕೂಗ್ತೀರೇನಪ್ಪಾ?" ಎಂದರು. ತಮಗೆ ಬೇರೆ ಡ್ಯೂಟಿ ಇದೆ ಎಂದು ಶರಣು ಅವರು ತಿಳಿಸಿದರು. ಸೊಣ್ಣಮ್ಮನವರು ದೂರು ವಾಪಸ್ ಪಡೆದು, ದತ್ತಿನ ಒಪ್ಪಿಗೆ ಪತ್ರಕ್ಕೆ ಠಾಣಾಧಿಕಾರಿಗಳಾದ ತಮ್ಮೆದುರೇ ಸಹಿ ಹಾಕಿರುತ್ತಾರೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಡೆದದ್ದೇ. ಒಂದಕ್ಷರವೂ ಹೆಚ್ಚಿಲ್ಲ; ಭೂಪತಿಯ ಚಂದದ ಬಗ್ಗೆ ಮಾತ್ರ ಕಡಿಮೆಯಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 14-11-2025
ಸಹಿ: ಶಶಿರೇಖಾ

ವಿ.ಸೂ.: ದತ್ತು ಪತ್ರಕ್ಕೆ ಮನೆಯವರು ನಾಯಿಯ ಜೊತೆಗಿರುವ ಫೋಟೊ ಒಂದನ್ನು ಭಾನುವಾರದೊಳಗೆ ಅಂಟಿಸಬೇಕು. ನಮ್ಮ ಮೊಬೈಲಿನಲ್ಲಿರುವ ಅಷ್ಟೂ ಫೋಟೊಗಳಲ್ಲಿ ಬಾಲ ಮಾತ್ರ ಬಂದಿದೆ. ಶರಣು ಅವರು ಈಗ ಠಾಣೆಯ ಮೆಟ್ಟಿಲ ಮೇಲೆ ತೆಗೆದದ್ದರಲ್ಲಿ ಮುಖ ಬಂದಿದೆ. ದಯವಿಟ್ಟು ಅದನ್ನು ನನ್ನ ವಾಟ್ಸಾಪ್‌ಗೆ ಕಳಿಸಿಕೊಡಬೇಕು.