ಗೋಡೆಗೊರಗಿ ಕೂತವಳು

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಮಲ್ಲಿಕಾರ್ಜುನಸ್ವಾಮಿಯವರೇ, ಇಂದು ಸನ್ಮಾನ ಸ್ವೀಕರಿಸಿದ ನಮ್ಮ ಯೋಗದ ಮೇಡಂ ಪದ್ಮಿನಿಯವರೇ, ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ಸಭಿಕರೇ,

ಪುಟ್ಟಬಸಮ್ಮ ಟೀಚರ್ ಎರಡು ಮಾತಾಡಲಿ ಎಂದಿದ್ದಾರೆ. ರಿಟೈರಾದ ಟೀಚರ ಕೈಗೆ ಮೈಕು ಕೊಟ್ಟವರೇ ಮುಂದಿನದಕ್ಕೆ ಹೊಣೆ.

ಯೋಗದಿಂದ ಕ್ಯಾನ್ಸರ್ ವಾಸಿಯಾಗುತ್ತದೆಯೇ? ಇಲ್ಲ. ಮೇಡಂ ಮೊದಲ ದಿನವೇ ಹೇಳಿದರು, ವಾಸಿ ಮಾಡುವುದು ಡಾಕ್ಟರ ಕೆಲಸ, ಭಯ ಇಳಿಸುವುದನ್ನು ನಾವು ನೋಡೋಣ ಎಂದು. ಕೀಮೋದಿಂದ ಸುಸ್ತಾಗಿದ್ದ ನನ್ನನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿಸಿ, ಉಸಿರು ಗಮನಿಸಲು ಕಲಿಸಿದರು. ನಿದ್ದೆ ಬಂತು. ಮುದ್ದೆ ಸೇರಿತು. ಅಷ್ಟಾದದ್ದೇ ತಡ, ನನ್ನ ಬುದ್ಧಿ ನೋಡಿ, ಇನ್ನು ಕೀಮೋ ಸೂಜಿಯೇ ಬೇಡ ಎಂದು ಮನೆಯಲ್ಲಿ ಸಾರಿಬಿಟ್ಟೆ. ಯಜಮಾನರು ಬೇಡಿಕೊಂಡರು, ಮೇಡಂ ಗದರಿದರು. ಹಠ ಎಂದರೆ ಹಠ.

ಸುದ್ದಿ ಅಜ್ಜೀಪುರ ಮುಟ್ಟಿತು. ಅಲ್ಲಿರುವವಳು ನನ್ನ ಓರಗಿತ್ತಿ, ಭಾವನವರ ಹೆಂಡತಿ ಶಿವರತ್ನಮ್ಮ. ಒಂದು ನುಗ್ಗೆಮರದ ವಿಚಾರಕ್ಕೆ ನಾವು ಮಾತು ಬಿಟ್ಟು ವರ್ಷಗಳಾಗಿದ್ದವು. ನನಗೆ ಬೈಯುವುದಕ್ಕೆಂದೇ ಹೊರಟು ಬಂದಳಂತೆ.

ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ನಿಮಗೆ ಗೊತ್ತು. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿಯುತ್ತೇವೆ. ಆವತ್ತು ಪಡಸಾಲೆಯಲ್ಲಿ, ಮೇಡಂ ಕಲಿಸಿದಂತೆ ಕಣ್ಣು ಮುಚ್ಚಿ ಉಸಿರು ಗಮನಿಸುತ್ತಾ, ನಾನೂ ಹಾಗೇ ಗೋಡೆಗೊರಗಿ ಕೂತಿದ್ದೆ. ಪೂಜೆ ಮುಗಿಸಿದ್ದರಿಂದ ಹಣೆ ತುಂಬ ವಿಭೂತಿ, ಕೂದಲು ಉದುರಿದ ತಲೆಗೆ ಬಿಳಿ ವಸ್ತ್ರ. ಬಾಗಿಲಿಗೆ ಬಂದ ಶಿವರತ್ನಮ್ಮ ನನ್ನನ್ನು ಕಂಡವಳೇ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

ನಾನು ಕಣ್ಣು ಬಿಡಬಹುದಿತ್ತು. ಬಿಡಲಿಲ್ಲ. ಯಾಕೆ ಸುಳ್ಳು ಹೇಳಲಿ, ಕೇಳಲು ಹಿತವಾಗಿತ್ತು. ನನ್ನ ಕೈಯ ಸಾರಿನಿಂದ ಹಿಡಿದು ನನ್ನ ದುಂಡು ಅಕ್ಷರದವರೆಗೆ ಹೊಗಳಿದಳು. ಬದುಕಿದ್ದಾಗ ಇದನ್ನೆಲ್ಲ ಯಾರು ಹೇಳುತ್ತಾರೆ, ನೀವೇ ಹೇಳಿ? ಆಮೇಲೆ ಹೊಗಳಿಕೆ ತೀರಿತು. “ಇನ್ ಯಾರ್ ಕೂಟೆ ಜಗಳ ಆಡ್ಲವ್ವಾ ನಾನು” ಅಂದಳು. ಅಲ್ಲಿಗೆ ನನ್ನ ಕಣ್ಣಿನಿಂದ ನೀರಿಳಿಯಿತು.

ಸತ್ತವಳ ಕಣ್ಣೀರು ಕಂಡು ಅವಳಿಗೆ ಜೀವ ಹೋಗಿ ಬಂತು. ಸುಧಾರಿಸಿಕೊಂಡು, ಸೆರಗಿನಲ್ಲಿ ಮೂಗೊರೆಸಿ, ಮೆಲ್ಲಗೆ ಹೇಳಿದಳು: “ಸೂಜಿ ಬ್ಯಾಡ ಅಂದ್ಯಂತೆ. ನೀನು ನಿಜವಾಗ್ಲೂ ಇಂಗೆ ಕುಂತ್ಕಂಡ್ರೆ, ಇನ್ನೊಂದ್ ಸಲ ಅಳಕ್ಕೆ ನನ್ ಕೈಲಾಗಾಕಿಲ್ಲ ಕಣವ್ವ. ನಡಿ, ನಾನೂ ಬತ್ತೀನಿ.”

ಮೈಸೂರಿನ ಆಸ್ಪತ್ರೆಗೆ ಬಸ್ಸು ಹತ್ತಿದೆವು. ಈಗಲೂ ಹತ್ತುತ್ತೇವೆ. ವಾಸಿಯಾಯಿತೇ? ಬರುವ ವಾರ ಸ್ಕ್ಯಾನ್ ಇದೆ, ಹೆದರಿಕೆಯೂ ಇದೆ. ಸೂಜಿ ಚುಚ್ಚುವಾಗ ನಾನು ಮೇಡಂ ಹೇಳಿದಂತೆ ಉಸಿರು ನೋಡುತ್ತಾ ಕಣ್ಣು ಮುಚ್ಚುತ್ತೇನೆ. ಪಕ್ಕದಲ್ಲಿ ಕೈಹಿಡಿದು ಕೂತವಳು, ಕಣ್ ಬಿಡವ್ವ, ಕಣ್ ಬಿಡು ಅನ್ನುತ್ತಲೇ ಇರುತ್ತಾಳೆ.

ಕಣ್ಣು ಮುಚ್ಚಲು ಕಲಿಸಿದ ಪದ್ಮಿನಿಯವರಿಗೂ, ಮುಚ್ಚಲು ಬಿಡದ ನನ್ನ ಅಕ್ಕನಿಗೂ, ಇಷ್ಟು ಹೊತ್ತು ಸಹಿಸಿದ ನಿಮಗೂ ನಾನು ಋಣಿ. ನಮಸ್ಕಾರ.