ಒಂದು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು

ನಮ್ಮ ಶಾಲೆಯ ಹಿರಿಯರೂ ಈ ಸಭೆಯ ಅಧ್ಯಕ್ಷರೂ ಆದ ಗವಿಸಿದ್ದಪ್ಪನವರೇ, ಕೊಪ್ಪಳದಿಂದ ಈ ಬಿಸಿಲಲ್ಲಿ ಬಂದ ಅತಿಥಿಗಳೇ, ಸಹೋದ್ಯೋಗಿಗಳೇ, ಮಕ್ಕಳೇ, ಕಾರಟಗಿಯ ಸಭಿಕರೇ,

ಮೂವತ್ತನಾಲ್ಕು ವರ್ಷ ಜೀವಶಾಸ್ತ್ರ ಕಲಿಸಿ ಇಂದು ನಿವೃತ್ತಳಾಗುತ್ತಿದ್ದೇನೆ. ಈಗಷ್ಟೇ ಮಾತಾಡಿದ ವಿದ್ಯಾರ್ಥಿನಿ ಐಶ್ವರ್ಯ, "ಲಲಿತಾ ಟೀಚರ್ ಸಣ್ಣಕರುಳಿನ ಪಾಠ ಮಾತ್ರ ಮೂರು ಸಲ ಹೇಳ್ತಾರ್ರಿ" ಎಂದು ದೂರಿದಳು. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಮೂರು ಸಲ ಏಕೆ? ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹುಲಿಹೈದರದವಳು. ಏಳನೆಯ ತರಗತಿಯಲ್ಲಿದ್ದಾಗ ನನ್ನ ತಮ್ಮ, ಒಂದೂವರೆ ವರ್ಷದ ಪಂಪಾಪತಿಗೆ ವಾಂತಿಭೇದಿ ಹತ್ತಿತು. ಕಣ್ಣು ಗುಳಿಬಿದ್ದವು. ಅತ್ತರೆ ಕಣ್ಣೀರೇ ಬರುತ್ತಿರಲಿಲ್ಲ. ಅಜ್ಜಿ ಕಳಕಮ್ಮ, "ನೀರು ಕೊಟ್ರ ಇನ್ನೂ ಹೋಗತೈತಿ, ಯಾರೂ ಕೊಡಬ್ಯಾಡ್ರಿ" ಎಂದು ತಂಬಿಗೆಯನ್ನು ಮೇಲೆತ್ತಿ ಇಟ್ಟಳು.

ಮಧ್ಯಾಹ್ನ ನರ್ಸ್ ಮೆಹಬೂಬಬೀ ಬಂದರು. ಆಕೆಯ ಪೆಟ್ಟಿಗೆಯ ಸ್ಪಿರಿಟ್ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಕಲಕಿದರು.

"ಸಕ್ಕರಿ ಸರಿ, ಕೂಸಿಗೆ ಉಪ್ಪು ಯಾಕ್ರಿ?" ಎಂದು ಕೇಳಿದೆ.

"ಕರುಳಿನ ಗ್ವಾಡಿಯೊಳಗ ಸಣ್ಣ ಸಣ್ಣ ಜೀವಕೋಶ ಅದಾವವ್ವಾ. ಅವು ಸಕ್ಕರಿನ ಉಪ್ಪಿನ ಜೋಡಿ ಒಳಗ ತಗೋತಾವ. ಆ ಕಡಿ ಬಾಗಲದಿಂದ ಸಕ್ಕರಿನ ರಕ್ತಕ್ಕ ಕಳಸ್ತಾವ. ಅವೆರಡರ ಬೆನ್ನು ಹತ್ತಿ ನೀರೂ ಹೋಗತೈತಿ. ಭೇದಿ ಹತ್ತಿದಾಗೂ ಈ ದಾರಿ ಮುಚ್ಚಂಗಿಲ್ಲ."

ಅಜ್ಜಿ ಕೇಳಿದಳು: "ಹಂಗಾರ ಹೋದ ವರ್ಷ ನಮ್ಮ ಶಿವಬಸಮ್ಮಗ ನೀರು ಕೊಟ್ಟಿದ್ರ..."

ಶಿವಬಸಮ್ಮ ನನ್ನ ತಂಗಿ. ತೀರಿಕೊಂಡಾಗ ನಾಲ್ಕು ವರ್ಷದವಳು. ಇದೇ ಬೇನೆಯಲ್ಲಿ ದಿನವಿಡೀ ನನ್ನ ಲಂಗ ಹಿಡಿದು, "ಅಕ್ಕಾ, ಒಂದ ಗುಟುಕು" ಎಂದಿದ್ದಳು. ನಾನು ದೊಡ್ಡವರ ಮಾತು ಕೇಳುವ ಹುಡುಗಿ. ಕೊಡಲಿಲ್ಲ.

ಮೆಹಬೂಬಬೀ ಚಮಚವನ್ನು ಅಜ್ಜಿಯ ಕೈಗಿಟ್ಟು, "ಈಗ ಇವಂಗ ನೀವ ಕುಡಸ್ರಿ" ಎಂದರು.

ಅಜ್ಜಿ ಗುಟುಕು ಗುಟುಕಾಗಿ ಕುಡಿಸಿದಳು. ಸಂಜೆ ತಮ್ಮ ಅವಳ ತೊಡೆಯ ಮೇಲೆ ಉಚ್ಚೆ ಹೊಯ್ದ. "ನೀರು ಮೈಗೆ ಹತ್ತೈತಿ, ಇನ್ನ ಚಿಂತಿಲ್ಲ, ಕೂಸು ಉಳೀತು" ಎಂದು ಮೆಹಬೂಬಬೀ ನಕ್ಕರು. ಮುಂದೆ ಯಾವ ಪ್ರಯೋಗಾಲಯದಲ್ಲೂ ಅಂಥ ಫಲಿತಾಂಶವನ್ನು ನಾನು ಕಾಣಲಿಲ್ಲ. ಅಜ್ಜಿ ಮಾತ್ರ ಸೀರೆ ಬದಲಿಸಲು ಏಳಲಿಲ್ಲ. ನನ್ನನ್ನು ಹತ್ತಿರ ಕರೆದು, ತಲೆಯ ಮೇಲೆ ಕೈಯಿಟ್ಟು, "ನಿಂದೇನ ತಪ್ಪಿಲ್ಲ, ನನ್ನ ಮಾತು ಕೇಳಿದಿ ಅಷ್ಟ" ಎಂದಳು.

ಆ ಪಾಠವನ್ನು ಮೂರು ಸಲ ಹೇಳುವುದು ಇದಕ್ಕೇ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಕೂತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.